ಕಲ್ಲಿನಲ್ಲಿ ಕಾಣದ ಏಡಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಗದ್ದೆಬದುಗಳಲ್ಲಿ ಏಡಿಗಳು ಬಿಲ ತೋಡಿ ವಾಸಿಸುತ್ತವೆ. ಆದರೆ ಅಲ್ಲಿನ ಬಂಡೆಗಳಲ್ಲಿ ಏಡಿಯ ಪಳೆಯುಳಿಕೆಯನ್ನು ಅರಸುವುದು ವ್ಯರ್ಥ. ಧಾರವಾಡ ಶಿಲಾವರ್ಗದ ಆ ಬಂಡೆಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲು. ಏಡಿಯ ಅತಿ ಪ್ರಾಚೀನ ಪಳೆಯುಳಿಕೆಯಾದರೋ 20 ಕೋಟಿ ವರ್ಷಗಳನ್ನು ಮೀರದು.

ಸತ್ತ ಏಡಿ ಕೆಸರಿನಲ್ಲಿ ಬೇಗನೆ ಹೂತುಹೋದರೆ ಮಾತ್ರ ಅದರ ಚಿಪ್ಪು ಕಲ್ಲಾಗಿ ಉಳಿದೀತು. ವಿಜ್ಞಾನಿಗಳು ಆ ಚಿಪ್ಪಿನ ಆಕಾರವನ್ನು ಅಳೆದು, ತಿಳಿದ ಪ್ರಭೇದಗಳೊಡನೆ ಹೋಲಿಸಿ, ಭಿನ್ನವೆಂದು ಮನಗಂಡಾಗಲೇ ಹೊಸ ಹೆಸರಿಡುತ್ತಾರೆ. ಆಧಾರವಾದ ಮಾದರಿಯನ್ನು ಸಂಗ್ರಹಾಲಯದಲ್ಲಿ ಕಾಪಾಡಲಾಗುತ್ತದೆ.

ಜೀವಂತ ಏಡಿಗೂ ಇದೇ ಕ್ರಮ. ನೆರೆಯ ಉತ್ತರ ಕನ್ನಡದ ಯಲ್ಲಾಪುರದಲ್ಲಿ ದೊರೆತ ಎರಡು ಬಣ್ಣದ ಏಡಿಗೆ 2022ರಲ್ಲಿ ‘ಘಾಟಿಯಾನ ದ್ವಿವರ್ಣ’ ಎಂಬ ಹೆಸರು ಬಂದಿತು. ಹೆಸರಿಡುವ ಮುನ್ನವೇ ಅಳಿದುಹೋದ ಜೀವಿಯ ಗುರುತನ್ನು ಕಲ್ಲೂ ಉಳಿಸದೆ ಹೋಗಬಹುದು.