ನೊಣವಿಲ್ಲದ 40 ಜೇನು ಪೆಟ್ಟಿಗೆ

ನೊಣವಿಲ್ಲದ ಪೆಟ್ಟಿಗೆ ಅಂದರೆ ಬರೇ ಹಲಗೆ. ಜೇನು ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆನಡಾ ದೇಶದಲ್ಲಿ ಹತ್ತೊಂಬತ್ತು ವರ್ಷ ಜತೆಗೆ ಬಾಳಿದ ಹೆಂಗಸಿಗೆ ಅಲ್ಲಿನ ಕೆಳಗಿನ ಕೋರ್ಟು ಕೊಡಿಸಿದ್ದು ಇಂಥ 40 ಖಾಲಿ ಪೆಟ್ಟಿಗೆ, ಜತೆಗೆ 1,500 ಡಾಲರ್.

ಆಕೆ ರೋಸಾ ಬೆಕರ್. 1955ರಲ್ಲಿ ಮಾಂಟ್ರಿಯಲ್ ಪೇಟೆಯಲ್ಲಿ ಲೋಥಾರ್ ಪೆಟ್‌ಕಸ್ ಪರಿಚಯವಾಯಿತು. ಇಬ್ಬರೂ ಹೊರದೇಶದಿಂದ ಹೊಟ್ಟೆಪಾಡಿಗೆ ಬಂದವರು. ಮದುವೆ ಆಗದೆಯೇ ಸಂಸಾರ ಹೂಡಿದರು. ಬಾಡಿಗೆ, ಊಟದ ಖರ್ಚು ಆಕೆಯ ಸಂಬಳದಲ್ಲಿ. ಈತನ ಸಂಬಳ ಬ್ಯಾಂಕಿನಲ್ಲಿ. 1960ರ ಹೊತ್ತಿಗೆ ಈತನ ಖಾತೆಯಲ್ಲಿ 12,000 ಡಾಲರ್ ಇತ್ತು. ಮರುವರ್ಷ 5,000 ಡಾಲರಿಗೆ ಜಮೀನು ಕೊಂಡರು. ಪತ್ರ ಯಾರ ಹೆಸರಿಗೆ? ಈತನ ಹೆಸರಿಗೇ. ದುಡ್ಡು ಈತನದ್ದಲ್ಲವೇ!

ಆಮೇಲೆ ಜೇನು ಕೃಷಿ. ಚೌಕಟ್ಟು ಜೋಡಿಸುವುದು, ಪೆಟ್ಟಿಗೆ ಸಾಗಿಸುವುದು, ಜೇನು ತೆಗೆಯುವುದು ಎಲ್ಲದಕ್ಕೂ ಇಬ್ಬರೂ. ಕಸುಬು ಬೆಳೆಯಿತು, ಜಾಗವೂ ಹೆಚ್ಚಿತು. 1974ರಲ್ಲಿ ಸಂಬಂಧ ಮುರಿಯಿತು.

ಆಕೆ ಅರ್ಧ ಪಾಲು ಕೇಳಿದರು. ಕೆಳಗಿನ ಕೋರ್ಟಿನ ನ್ಯಾಯಾಧೀಶರು ಏನಂದರು ಗೊತ್ತೇ? ಮೊದಲ ವರ್ಷಗಳಲ್ಲಿ ಆಕೆ ಮನೆಗೆ ಹಾಕಿದ ದುಡ್ಡು ಆತನನ್ನು ಮದುವೆಗೆ ಒಲಿಸಿಕೊಳ್ಳುವ ಆಸೆಯಿಂದ ಹೂಡಿದ ಬಂಡವಾಳವಂತೆ! ಓದಿದಾಗ ನನಗೆ ಸಿಟ್ಟೇ ಬಂತು.

ಮೇಲ್ಮನವಿಯಲ್ಲಿ ಅರ್ಧ ಪಾಲು ಸಿಕ್ಕಿತು. 1980ರ ಡಿಸೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಕೋರ್ಟು ನೋಡಿದ್ದು ಮೂರು ಸಂಗತಿ. ಒಬ್ಬರಿಗೆ ಲಾಭ ಆಗಿದೆಯೇ, ಅದಕ್ಕೆ ಸರಿಯಾಗಿ ಇನ್ನೊಬ್ಬರಿಗೆ ನಷ್ಟ ಆಗಿದೆಯೇ, ಹಾಗಾಗಲು ಕಾನೂನು ಒಪ್ಪುವ ಕಾರಣ ಉಂಟೇ. ಆಕೆ ಮನೆಖರ್ಚು ಹೊತ್ತದ್ದರಿಂದಲೇ ಈತನಿಗೆ ಉಳಿತಾಯ ಸಾಧ್ಯವಾಯಿತಲ್ಲ! ಹಾಗಾಗಿ ಆಸ್ತಿ ಈತನ ಹೆಸರಲ್ಲಿದ್ದರೂ ಅರ್ಧವನ್ನು ಆಕೆಯ ಪರವಾಗಿ ಇಟ್ಟುಕೊಂಡ ಹಾಗೆ ಎಂದು ತೀರ್ಮಾನ.

ಆದರೆ ತೀರ್ಪು ಕಾಗದದಲ್ಲೇ ಉಳಿಯಿತು. ಜಾಗ ಮಾರಿಸಿದಾಗ ಬಂದ ಹಣ ವಕೀಲರ ಫೀಸಿಗೆ ಹೋಯಿತು. 1986ರಲ್ಲಿ, ನ್ಯಾಯ ಸಿಗಲಿಲ್ಲವೆಂದು ಪತ್ರ ಬರೆದಿಟ್ಟು ಆಕೆ ಪ್ರಾಣ ಕಳೆದುಕೊಂಡರು.

ಆ ದೇಶದಲ್ಲೂ ಎಲ್ಲೆಡೆ ಒಂದೇ ಕಾನೂನಿಲ್ಲ. ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ 2013ರಿಂದ, ಎರಡು ವರ್ಷ ದಂಪತಿಗಳಂತೆ ಬಾಳಿದವರಿಗೂ ಮದುವೆಯಾದವರ ಹಾಗೇ ಪಾಲಿನ ಹಕ್ಕಿದೆ. ಒಂಟಾರಿಯೋದಲ್ಲಿ ಮದುವೆಯಾಗದವರು ಇವತ್ತಿಗೂ ರೋಸಾ ಹಿಡಿದ ದಾರಿಯನ್ನೇ ಹಿಡಿಯಬೇಕು.

ನಮ್ಮಲ್ಲಿ? ಹೀಗೆ ಬಾಳಿದವರು ಬೇರೆಯಾದರೆ ಆಸ್ತಿ ಪಾಲು ಮಾಡುವ ಪ್ರತ್ಯೇಕ ಕಾನೂನಿಲ್ಲ. ಕೌಟುಂಬಿಕ ದೌರ್ಜನ್ಯ ತಡೆಗೆಂದು ಬಂದ 2005ರ ಕಾಯ್ದೆ ಮದುವೆಯಂಥ ಸಂಬಂಧದಲ್ಲಿದ್ದ ಹೆಂಗಸರಿಗೂ ಅನ್ವಯಿಸುತ್ತದೆ. ದೌರ್ಜನ್ಯ ಆಗಿದ್ದರೆ ಇರಲು ಸೂರು, ಜೀವನಾಂಶ ಕೇಳಬಹುದು. ಆದರೆ ಅದರಿಂದ ಜಾಗದ ಒಡೆತನ ಬರುವುದಿಲ್ಲ. ದೀರ್ಘಕಾಲ ಗಂಡ-ಹೆಂಡಿರಂತೆ ಬಾಳಿದರೆ ಮದುವೆ ಆಗಿದೆಯೆಂದೇ ಕೋರ್ಟು ಭಾವಿಸುವುದುಂಟು. ಎದುರು ಪಕ್ಷ ಅಲ್ಲವೆಂದು ಸಾಬೀತು ಮಾಡಿದರೆ ಅದೂ ಬಿದ್ದುಹೋಗುತ್ತದೆ. ಹಾಗಾಗಿ ಯಾರ ದುಡ್ಡು ಯಾವುದಕ್ಕೆ ಹೋಯಿತೆಂಬ ರಶೀದಿ, ಬ್ಯಾಂಕ್ ಪುಸ್ತಕ ತೆಗೆದಿಡುವುದು ಒಳ್ಳೆಯದು. ಜಾಗ ಕೊಳ್ಳುವಾಗಲೇ ಇಬ್ಬರ ಹೆಸರು ಹಾಕಿಸಿದರೆ ಇನ್ನೂ ಒಳ್ಳೆಯದು.

ಹೇಳುವ ನಾನೇನೂ ಸಾಚಾ ಅಲ್ಲ ಮಾರಾಯ್ರೇ. ನಮ್ಮದು ತಾಳಿ ಕಟ್ಟಿದ ಸಂಸಾರವೇ. ಅಡಿಕೆ ಹೆಕ್ಕಿದ್ದು, ದನ ಕರೆದದ್ದು, ಎಂಟು ಪೆಟ್ಟಿಗೆ ಜೇನು ನೋಡಿಕೊಂಡದ್ದು ಮನೆಯಾಕೆ. ಪಹಣಿಯಲ್ಲಿರುವುದು ನನ್ನೊಬ್ಬನ ಹೆಸರು. ಕಳೆದ ಕೊಯ್ಲಿನಿಂದ ಜೇನಿನ ದುಡ್ಡು ಆಕೆಯ ಖಾತೆಗೆ ಹೋಗುತ್ತಿದೆ. ಪಹಣಿಯ ಮಾತು ಇನ್ನೂ ಎತ್ತಿಲ್ಲ.