ರೋಟಾ ವೈರಸ್: ತಳಿ ಬದಲಾದರೂ ಲಸಿಕೆ ಕಾಯುತ್ತದೆಯೇ?

ಮಗುವಿಗೆ ಜ್ವರ, ವಾಂತಿ, ನೀರಿನಂತೆ ಭೇದಿ. ನೋಡನೋಡುತ್ತಲೇ ಕಣ್ಣು ಗುಳಿಬೀಳುತ್ತದೆ, ತುಟಿ ಒಣಗುತ್ತದೆ, ಅತ್ತರೂ ಕಣ್ಣೀರು ಬರುವುದಿಲ್ಲ. ಎಳೆಯ ಮಕ್ಕಳಲ್ಲಿ ಇದಕ್ಕೆ ಅನೇಕ ಸಲ ಕಾರಣ ರೋಟಾ ವೈರಸ್.

ಇದರ ಆನುವಂಶಿಕ ವಸ್ತು ಇರುವುದು 11 ಬಿಡಿ ತುಂಡುಗಳಲ್ಲಿ. ಎರಡು ತಳಿಗಳು ಒಂದೇ ಜೀವಕೋಶಕ್ಕೆ ನುಗ್ಗಿದರೆ ತುಂಡುಗಳು ಅದಲುಬದಲಾಗಿ ಹೊಸ ತಳಿ ಹುಟ್ಟಬಹುದು. ದನದ ವೈರಸ್ಸಿನ ತುಂಡೂ ಸೇರಿಕೊಳ್ಳಬಹುದು!

1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಕೆಲವು ನವಜಾತ ಶಿಶುಗಳಿಗೆ ರೋಟಾ ಸೋಂಕಿತ್ತು, ಭೇದಿ ಇರಲಿಲ್ಲ. ಅಲ್ಲಿ ಸಿಕ್ಕ ಸೌಮ್ಯ ತಳಿ 116ಇ. ಅದರಿಂದಲೇ ನಮ್ಮ ರೋಟಾವ್ಯಾಕ್ ಲಸಿಕೆ ಬಂತು. ಬೆಂಗಳೂರಿನ ಶಿಶುಗಳಲ್ಲೂ ಐ321 ಎಂಬ ಸೌಮ್ಯ ತಳಿ ಸಿಕ್ಕಿತ್ತು. ಎರಡನ್ನೂ ಪರೀಕ್ಷಿಸಿದಾಗ 116ಇ ಹೆಚ್ಚು ರೋಗನಿರೋಧಕ ಶಕ್ತಿ ಮೂಡಿಸಿತು.

2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾದ ರೋಟಾ ಲಸಿಕೆ ಈಗ ದೇಶದೆಲ್ಲೆಡೆ ಉಚಿತ. ಈ ವರ್ಷಗಳಲ್ಲಿ ಜಿ1ಪಿ8 ಎಂಬ ತಳಿ ಹಿಂದೆ ಸರಿದು ಜಿ3ಪಿ8 ಮುಂದೆ ಬಂದಿದೆ. ಇದಕ್ಕೆ ಲಸಿಕೆಯೇ ಕಾರಣ ಎಂದು ದುಡುಕಿ ಹೇಳಲಾಗದು. ಲಸಿಕೆ ಬರುವ ಮೊದಲೂ ತಳಿಗಳು ಹೀಗೆ ಏರಿಳಿಯುತ್ತಿದ್ದವು.

116ಇ ಸ್ವತಃ ಜಿ9ಪಿ11 ಎಂಬ ಬೇರೆಯೇ ಬಗೆಯದು. ಆದರೂ ಬೇರೆ ತಳಿಗಳಿಂದಲೂ ರಕ್ಷಣೆ ಕೊಡುತ್ತದೆ. ಭಾರತದ ಪರೀಕ್ಷೆಯಲ್ಲಿ ಮೊದಲ ವರ್ಷ ತೀವ್ರ ರೋಟಾ ಭೇದಿ ಶೇ 56ರಷ್ಟು ತಗ್ಗಿತು. ಪೂರ್ಣ ರಕ್ಷಣೆಯಲ್ಲ, ನಿಜ. ಹಾಗಾಗಿ ಭೇದಿಯಾದರೆ ಓಆರ್‌ಎಸ್, ಜಿಂಕ್ ಬೇಕೇ ಬೇಕು.

ಮಗುವಿಗೆ 6, 10, 14ನೇ ವಾರ, ಲಸಿಕೆಯ ಮೂರು ಡೋಸ್. ಲಸಿಕೆಯ ವಿವರವಿರುವ ತಾಯಿ ಕಾರ್ಡ್ ಇವತ್ತೇ ತೆಗೆದು ನೋಡಿ.