ಬಸ್ಸು ತಪ್ಪಿದ್ದು ಯಾರಿಗೆ? ಇಂಗ್ಲಿಷಿನ ಪ್ರಯಾಣಪದಗಳು ಮತ್ತು ಕನ್ನಡ ಮನೆಮಾತಿನ ಕಲಿಕಾರ್ಥಿ

ಮಧ್ಯಮ ಹಂತದ ಕಲಿಕಾರ್ಥಿಗಳಿಗೆಂದು ರಚಿತವಾದ ಇಂಗ್ಲಿಷ್ ಪಠ್ಯಗಳಲ್ಲಿ ಸಾರಿಗೆ ಮತ್ತು ಪ್ರಯಾಣದ ಪದಗಳಿಗೆ ಒಂದು ಪಾಠ ಸಾಮಾನ್ಯವಾಗಿ ಮೀಸಲಾಗಿರುತ್ತದೆ. ಬಸ್, ಟ್ರೇನ್, ಟಿಕೆಟ್, ಪ್ಲಾಟ್‌ಫಾರ್ಮ್, ಲಗೇಜ್ ಎಂದು ಸಾಗುವ ಈ ಪಟ್ಟಿಗಳಲ್ಲಿ ನಾಮಪದಗಳದೇ ಪ್ರಾಬಲ್ಯ. ಕನ್ನಡ ಮನೆಮಾತಿನವರಿಗೆ ಈ ಪಟ್ಟಿಯಿಂದ ದೊರೆಯುವ ಹೊಸ ಜ್ಞಾನ ಬಹಳ ಕಡಿಮೆ. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಅಂದಿನಿಂದ ಇಂದಿನವರೆಗೆ ಈ ಪದಗಳು ಕೊನೆಯಲ್ಲಿ ಉಕಾರವನ್ನು ಪಡೆದು, ವಿಭಕ್ತಿಪ್ರತ್ಯಯಗಳನ್ನು ಹೊತ್ತು, ಸ್ಟೇಷನ್ನಿಗೆ, ಬಸ್ಸಿನಿಂದ, ಟಿಕೆಟ್ಟನ್ನು ಎಂಬ ರೂಪಗಳಲ್ಲಿ ಕನ್ನಡದ ಪದಗಳೇ ಆಗಿಹೋಗಿವೆ. ಕಲಿಕಾರ್ಥಿ ಎಡವುವುದು ಬೇರೆಡೆ: ಕ್ರಿಯಾಪದದಲ್ಲಿ, ಅದರ ಜೊತೆಗೆ ಬರುವ ಪೂರ್ವಸರ್ಗದಲ್ಲಿ, ಮತ್ತು ವಾಕ್ಯದಲ್ಲಿ ಕರ್ತೃಸ್ಥಾನ ಯಾರಿಗೆ ಸಲ್ಲಬೇಕೆಂಬುದರಲ್ಲಿ. ಈ ಮೂರನೆಯದು ಅತ್ಯಂತ ಕಠಿನವಾದದ್ದು, ಮತ್ತು ತರಗತಿಯಲ್ಲಿ ಅತ್ಯಂತ ಕಡಿಮೆ ಚರ್ಚೆಗೊಳಗಾಗುವುದು ಎಂಬುದು ಈ ಲೇಖನದ ವಾದ.

ಮೊದಲಿಗೆ ‘ಹತ್ತು’ ಎಂಬ ಧಾತುವನ್ನು ಗಮನಿಸೋಣ. ಕನ್ನಡದಲ್ಲಿ ಬಸ್ಸು, ರೈಲು, ಕಾರು, ಆಟೋ, ಸೈಕಲ್ಲು, ದೋಣಿ, ವಿಮಾನ, ಕುದುರೆ ಎಲ್ಲವನ್ನೂ ಹತ್ತುತ್ತೇವೆ, ಎಲ್ಲದರಿಂದಲೂ ಇಳಿಯುತ್ತೇವೆ. ಚಲನೆಯ ಪಥವು ಧಾತುವಿನಲ್ಲಿಯೇ ಅಡಕವಾಗಿದೆ. ಇಂಗ್ಲಿಷಿನಲ್ಲಿ ‘ಗೆಟ್’ ಎಂಬ ಬಹುತೇಕ ಅರ್ಥಶೂನ್ಯವಾದ ಕ್ರಿಯಾಪದವಿದ್ದು, ಪಥದ ಹೊಣೆಯನ್ನು ‘ಆನ್’, ‘ಇನ್’, ‘ಆಫ್’, ‘ಔಟ್ ಆಫ್’ಗಳು ಹೊರುತ್ತವೆ. ಲೆನರ್ಡ್ ಟಾಲ್ಮಿ ಗುರುತಿಸಿದ ಪ್ರರೂಪಭೇದವನ್ನು, ಅಂದರೆ ಪಥವನ್ನು ಕ್ರಿಯಾಪದದಲ್ಲಿ ಹೇಳುವ ಭಾಷೆಗಳು ಮತ್ತು ಅದರ ಸಂಗಾತಿ ಪದದಲ್ಲಿ ಹೇಳುವ ಭಾಷೆಗಳು ಎಂಬ ವಿಂಗಡಣೆಯನ್ನು, ಇಲ್ಲಿ ನೆನೆಯಬಹುದು. ಆದರೆ ಕಲಿಕಾರ್ಥಿಯ ತೊಡಕು ಆ ಭೇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಪಥವನ್ನು ಪೂರ್ವಸರ್ಗಕ್ಕೆ ವರ್ಗಾಯಿಸಬೇಕೆಂದು ಆತ ಅರಿತ ಮೇಲೂ, ಯಾವ ಪೂರ್ವಸರ್ಗ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ‘ಹತ್ತು’ ಯಾವ ಸುಳಿವನ್ನೂ ಕೊಡುವುದಿಲ್ಲ.

ಬಸ್, ಟ್ರೇನ್, ಹಡಗು, ದೊಡ್ಡ ವಿಮಾನ ಇವಕ್ಕೆ ‘ಗೆಟ್ ಆನ್’. ಕಾರು, ಟ್ಯಾಕ್ಸಿ, ಆಟೋಗಳಿಗೆ ‘ಗೆಟ್ ಇನ್’. ಒಳಗೆ ಎದ್ದು ನಿಂತು ಓಡಾಡಬಹುದಾದ ವಾಹನಕ್ಕೆ ‘ಆನ್’ ಎಂಬ ಸೂತ್ರವನ್ನು ಶಿಕ್ಷಕರು ಹೇಳಿಕೊಡುವುದುಂಟು. ಸೂತ್ರ ಉಪಯುಕ್ತ, ಆದರೆ ಅಪೂರ್ಣ. ಸೈಕಲ್ಲು ಮತ್ತು ಕುದುರೆಗೂ ‘ಆನ್’ ಬರುತ್ತದೆ. ಅಲ್ಲಿ ಕಾರಣ ಬೇರೆ, ಸವಾರ ಮೇಲ್ಮೈಯ ಮೇಲೆಯೇ ಕುಳಿತಿರುತ್ತಾನೆ. ಇನ್ನೂ ಕುತೂಹಲಕರವಾದದ್ದು ಪ್ರಾದೇಶಿಕ ಪೂರ್ವಸರ್ಗಗಳ ಚರ್ಚೆಯಲ್ಲಿ ಹಳೆಯದೇ ಆದ ಒಂದು ಉದಾಹರಣೆ: ಕೆಟ್ಟು ನಿಂತ, ಗಾಲಿಯಿಲ್ಲದ ಬಸ್ಸಿನಲ್ಲಿ ಮಕ್ಕಳು ಆಡುತ್ತಿದ್ದರೆ ಇಂಗ್ಲಿಷು ‘ಇನ್ ದ ಬಸ್’ ಎನ್ನುತ್ತದೆ, ‘ಆನ್ ದ ಬಸ್’ ಎನ್ನಲು ಹಿಂಜರಿಯುತ್ತದೆ. ಅಂದರೆ ‘ಆನ್’ ಇಲ್ಲಿ ಬರಿಯ ಸ್ಥಳವನ್ನಲ್ಲ, ವಾಹನವು ನಡೆಸುತ್ತಿರುವ ಸೇವೆಯಲ್ಲಿ ಪ್ರಯಾಣಿಕನ ಪಾಲುಗಾರಿಕೆಯನ್ನು ಸೂಚಿಸುತ್ತದೆ. ಕನ್ನಡಕ್ಕೆ ಎರಡೂ ‘ಬಸ್ಸಿನಲ್ಲಿ’. ‘ಹತ್ತು’ವಿನ ಹಾಗೆ ಪೂರ್ವಸರ್ಗದ ಹಂಗಿಲ್ಲದ ಒಂದು ಕ್ರಿಯಾಪದ ಇಂಗ್ಲಿಷಿನಲ್ಲಿಯೂ ಇದೆ: ‘ಬೋರ್ಡ್’. ಅದು ನೇರವಾಗಿ ಕರ್ಮವನ್ನು ತೆಗೆದುಕೊಳ್ಳುತ್ತದೆ, ಮತ್ತು ಹೆಚ್ಚುಕಡಿಮೆ ‘ಆನ್’ ಬರುವ ಸಾರ್ವಜನಿಕ ವಾಹನಗಳಿಗೇ ಒಪ್ಪುತ್ತದೆ. ಕಾರನ್ನು ಯಾರೂ ‘ಬೋರ್ಡ್’ ಮಾಡುವುದಿಲ್ಲ. ಇದನ್ನು ಪಾಠದಲ್ಲಿ ಮೊದಲೇ ಕೊಟ್ಟರೆ ಕಲಿಕಾರ್ಥಿಗೆ ಒಂದು ಆಸರೆ ಸಿಕ್ಕೀತು. (ನಮ್ಮಲ್ಲಿ ಬೋರ್ಡು ಎಂದರೆ ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ಬರೆದ ಫಲಕ ಎಂಬುದು ಬೇರೆ ಮಾತು.) ಇದನ್ನು ಕೊಡದಿದ್ದಾಗ ಹುಟ್ಟುವ ವಾಕ್ಯ ‘ಐ ಕ್ಲೈಂಬ್ಡ್ ದ ಬಸ್’. ಅದನ್ನು ಕೇಳಿದ ಇಂಗ್ಲಿಷರ ಕಣ್ಣಮುಂದೆ ಬಸ್ಸಿನ ಟಾಪಿನ ಮೇಲೆ ಏರಿದವನೊಬ್ಬನ ಚಿತ್ರ ಮೂಡುತ್ತದೆ.

‘ಬಸ್ಸಿನಲ್ಲಿ’ ಎಂಬ ಸಪ್ತಮಿಯ ಮೇಲೆ ಇನ್ನೊಂದು ಹೊರೆಯೂ ಇದೆ. ‘ಬಸ್ಸಿನಲ್ಲಿ ಬಂದೆ’ ಎಂಬಲ್ಲಿ ಅದು ಸಾಧನವನ್ನು ಹೇಳುತ್ತದೆ. ಇಂಗ್ಲಿಷಿಗೆ ಅಲ್ಲಿ ‘ಬೈ ಬಸ್’ ಬೇಕು, ಅದೂ ಆರ್ಟಿಕಲ್ ಇಲ್ಲದೆ. ಆದರೆ ‘ನನ್ನ ಕಾರಿನಲ್ಲಿ ಬಂದೆ’ ಎನ್ನುವಾಗ ‘ಬೈ’ ಸಲ್ಲದು, ‘ಇನ್ ಮೈ ಕಾರ್’ ಎನ್ನಬೇಕು. ನಾಮಪದವು ನಿರ್ದಿಷ್ಟ ವಾಹನವನ್ನು ಸೂಚಿಸಿದೊಡನೆ ಸಾಧನದ ಪೂರ್ವಸರ್ಗ ಹಿಂದೆ ಸರಿದು ಸ್ಥಳದ ಪೂರ್ವಸರ್ಗ ಮರಳಿ ಬರುತ್ತದೆ. ನಡೆದು ಬಂದದ್ದಕ್ಕೆ ‘ಆನ್ ಫುಟ್’. ಭಾರತದಲ್ಲಿ ವ್ಯಾಪಕವಾಗಿರುವ ‘ಬೈ ವಾಕ್’ ಎಂಬ ಪ್ರಯೋಗ ಅಜ್ಞಾನದ ಫಲವಲ್ಲ. ‘ಬೈ’ ನಿಯಮವನ್ನು ಚೆನ್ನಾಗಿ ಕಲಿತು ಅದನ್ನು ನಿಷ್ಠೆಯಿಂದ ಮುಂದುವರಿಸಿದವರ ಪ್ರಯೋಗ. ನಿಯಮಬದ್ಧತೆಯ ದೃಷ್ಟಿಯಿಂದ ನೋಡಿದರೆ ಇಲ್ಲಿ ದಾರಿ ತಪ್ಪಿರುವುದು ಇಂಗ್ಲಿಷೇ ಎನ್ನಿಸುತ್ತದೆ.

ಇನ್ನು ಕರ್ತೃಸ್ಥಾನದ ಪ್ರಶ್ನೆ. ‘ನನಗೆ ಬಸ್ಸು ತಪ್ಪಿತು’ ಎಂಬ ವಾಕ್ಯದಲ್ಲಿ ಪ್ರಥಮಾ ವಿಭಕ್ತಿಯಲ್ಲಿರುವುದು ಬಸ್ಸು; ಕ್ರಿಯಾಪದದ ನಪುಂಸಕಲಿಂಗದ ಪ್ರತ್ಯಯ ಹೊಂದಿಕೊಳ್ಳುವುದೂ ಅದರೊಡನೆಯೇ. ಪ್ರಯಾಣಿಕ ಚತುರ್ಥಿಯಲ್ಲಿ, ಅನುಭೋಕ್ತೃವಾಗಿ, ಪಕ್ಕದಲ್ಲಿ ನಿಂತಿರುತ್ತಾನೆ. ಹಸಿವು, ಚಳಿ, ನೆನಪು, ಇಷ್ಟಗಳನ್ನು ಹೇಳುವ ಚತುರ್ಥೀಕರ್ತೃಕ ರಚನೆಗಳ ಸಾಲಿಗೇ ಇದೂ ಸೇರುತ್ತದೆ. ಇಂಗ್ಲಿಷಿನ ‘ಐ ಮಿಸ್ಡ್ ದ ಬಸ್’ ಎಂಬಲ್ಲಿ ಈ ವ್ಯವಸ್ಥೆ ತಲೆಕೆಳಗಾಗುತ್ತದೆ: ಪ್ರಯಾಣಿಕ ಕರ್ತೃ, ಬಸ್ಸು ಕರ್ಮ.

ತಡವಾಗಿ ತರಗತಿಗೆ ಬಂದ ವಿದ್ಯಾರ್ಥಿಯೊಬ್ಬ ಒಮ್ಮೆ ‘ದ ಬಸ್ ಮಿಸ್ಡ್’ ಎಂದ. ನಾನು ತಿದ್ದಿದೆ. ಆತ ಒಪ್ಪಲಿಲ್ಲ. “ನಾನೇನು ಬೇಕೆಂದು ತಪ್ಪಿಸಿಕೊಂಡೆನೇ ಸರ್?” ಎಂದು ಕನ್ನಡದಲ್ಲಿ ಕೇಳಿದ. ಉಳಿದವರು ನಕ್ಕರು, ನಾನೂ ನಕ್ಕೆ. ಆ ನಗು ನನ್ನ ಅವಸರದ್ದೆಂದು ಅನಂತರ ತಿಳಿಯಿತು. ಅವನ ಮಾತಿನಲ್ಲಿ ಸ್ಪಷ್ಟವಾದ ವ್ಯಾಕರಣಜ್ಞಾನವಿತ್ತು. ಕನ್ನಡದಲ್ಲಿ ಪ್ರಯಾಣಿಕನನ್ನು ಕರ್ತೃವಾಗಿಸಬೇಕಾದರೆ ಧಾತುವಿಗೆ ಪ್ರೇರಣಾರ್ಥಕ ಪ್ರತ್ಯಯವನ್ನೂ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವನ್ನೂ ಸೇರಿಸಬೇಕು: ‘ಬಸ್ಸನ್ನು ತಪ್ಪಿಸಿಕೊಂಡೆ’. ಹಾಗೆ ಸೇರಿಸಿದಾಗ ಅಜಾಗರೂಕತೆಯ, ಕೆಲವೊಮ್ಮೆ ಉದ್ದೇಶದ ಛಾಯೆಯೂ ಸೇರಿಕೊಳ್ಳುತ್ತದೆ. ಸಾಲಗಾರನ ಕಣ್ಣು ತಪ್ಪಿಸಿಕೊಳ್ಳುವುದೂ ಇದೇ ರೂಪವಲ್ಲವೆ? ‘ಐ ಮಿಸ್ಡ್’ ಎಂಬುದು ಅವನ ಕಿವಿಗೆ ತಪ್ಪೊಪ್ಪಿಗೆಯಂತೆ ಕೇಳಿಸಿತ್ತು. ಇಂಗ್ಲಿಷಿನಲ್ಲಿ ಕರ್ತೃಸ್ಥಾನವು ಹೊಣೆಗಾರಿಕೆಯನ್ನು ಸೂಚಿಸಲೇಬೇಕಾಗಿಲ್ಲ, ಅನುಭೋಕ್ತೃವೂ ಅಲ್ಲಿ ಕೂರಬಹುದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಎರವಲು ಈ ತೊಡಕನ್ನು ಬಿಡಿಸುವುದಿಲ್ಲ, ಬಿಗಿಗೊಳಿಸುತ್ತದೆ. ‘ಮಿಸ್’ ಎಂಬುದನ್ನು ಕನ್ನಡಿಗರು ದಿನವೂ ಬಳಸುತ್ತಾರೆ: ‘ಬಸ್ ಮಿಸ್ ಆಯಿತು’, ‘ಬಸ್ ಮಿಸ್ ಮಾಡಿಕೊಂಡೆ’. ಇಲ್ಲಿ ಇಂಗ್ಲಿಷಿನಿಂದ ಬಂದದ್ದು ಧ್ವನಿರೂಪವೊಂದೇ. ‘ಆಗು’ ಮತ್ತು ‘ಮಾಡಿಕೊಳ್ಳು’ ಎಂಬ ಜೋಡಿಯು ‘ತಪ್ಪು’ ಮತ್ತು ‘ತಪ್ಪಿಸಿಕೊಳ್ಳು’ಗಳ ಭೇದವನ್ನು ಚಾಚೂ ತಪ್ಪದೆ ಮರುಸೃಷ್ಟಿಸಿದೆ. ಆದುದರಿಂದ ಪದದ ಪರಿಚಯ ಹೆಚ್ಚಿದಷ್ಟೂ ಅದರ ಇಂಗ್ಲಿಷ್ ವಾಕ್ಯರಚನೆ ಸಹಜವಾಗಿ ಬಂದುಬಿಡುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ‘ದ ಬಸ್ ಗಾಟ್ ಮಿಸ್ಡ್’ ಎಂಬುದು ‘ಮಿಸ್ ಆಯಿತು’ವಿನ ನೇರ ಸಂತಾನ. ಎಲ್ಲವೂ ಭಿನ್ನವೆಂದೇನಲ್ಲ. ‘ಬಸ್ಸು ಹಿಡಿ’ ಮತ್ತು ‘ಕ್ಯಾಚ್ ಎ ಬಸ್’ ಒಂದಕ್ಕೊಂದು ಕನ್ನಡಿ ಹಿಡಿದಂತಿವೆ, ಮತ್ತು ಅಲ್ಲಿ ಕಲಿಕಾರ್ಥಿಗಳು ಎಡವಿದ್ದನ್ನು ನಾನು ಕಂಡಿಲ್ಲ.

ಅರ್ಧಮಾತ್ರ ಹೊಂದುವ ಜೋಡಿಗಳು ಹೆಚ್ಚು ಮೋಸಗೊಳಿಸುತ್ತವೆ. ‘ಬಸ್ಸು ಎಷ್ಟು ಗಂಟೆಗೆ ಬಿಡುತ್ತದೆ?’, ‘ಊರು ಬಿಟ್ಟೆ’ ಎಂಬೆರಡಕ್ಕೂ ‘ಲೀವ್’ ಸರಿಹೊಂದುತ್ತದೆ. ಇದರಿಂದ ಧೈರ್ಯಗೊಂಡು ‘ನನ್ನನ್ನು ಸ್ಟೇಷನ್ನಿಗೆ ಬಿಡಿ’ ಎಂಬುದನ್ನೂ ‘ಲೀವ್ ಮಿ’ ಎಂದರೆ, ಡ್ರಾಪ್ ಕೊಡಿ ಎಂಬ ಕೋರಿಕೆ ತೊರೆದುಹೋಗಿ ಎಂಬ ಅಪ್ಪಣೆಯಾದೀತು. ‘ಓಡಿಸು’ವಿನ ಸಮಸ್ಯೆ ಸರಳವಾದದ್ದು: ಕಾರಿಗೆ ‘ಡ್ರೈವ್’, ಸೈಕಲ್ಲಿಗೆ ‘ರೈಡ್’ ಎಂದು ಎರಡು ದಿನದ ಅಭ್ಯಾಸದಲ್ಲಿ ಕಲಿಯಬಹುದು.

ನಾಮಪದಗಳನ್ನು ಸಂಪೂರ್ಣ ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಪರಿಚಿತವೆನಿಸಿಯೂ ಅರ್ಥ ಬದಲಾದ ಕೆಲವನ್ನು ಕಲಿಸಲೇಬೇಕು. ಕನ್ನಡದಲ್ಲಿ ರೈಲು ಎಂದರೆ ಗಾಡಿ. ಇಂಗ್ಲಿಷಿನಲ್ಲಿ ‘ರೈಲ್’ ಎಂದರೆ ಹಳಿ, ಅಥವಾ ಸಾರಿಗೆಯ ವಿಧಾನ. ‘ಬೈ ರೈಲ್’ ಸರಿ, ‘ದ ರೈಲ್ ಈಸ್ ಲೇಟ್’ ಸರಿಯಲ್ಲ. ಟ್ರಾವೆಲ್ಸ್ ಎಂಬುದು ನಮಗೆ ಒಂದು ಅಂಗಡಿ. ಇಂಗ್ಲಿಷಿನ ‘ಟ್ರಾವೆಲ್’ ಎಣಿಕೆಗೆ ಸಿಗದ ನಾಮಪದವಾದ್ದರಿಂದ ‘ಎ ಟ್ರಾವೆಲ್’ ಎನ್ನಲಾಗದು, ‘ಎ ಟ್ರಿಪ್’ ಎನ್ನಬೇಕು. ಸ್ಟೆಪ್ನಿಯ ಕಥೆ ಇವೆಲ್ಲಕ್ಕಿಂತ ಸ್ವಾರಸ್ಯಕರ. ವೇಲ್ಸಿನ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಆರಂಭವಾದ ಉದ್ದಿಮೆಯೊಂದು ತಯಾರಿಸಿದ ಬದಲಿ ಚಕ್ರದ ಹೆಸರದು. ಇಂದು ಬ್ರಿಟನ್ನಿನ ಸಾಮಾನ್ಯ ಮಾತುಗಾರರಿಗೆ ಅದು ಅಪರಿಚಿತ. ಬ್ರೆಜಿಲ್ಲಿನ ಪೋರ್ಚುಗೀಸಿನಲ್ಲಿ ‘ಎಸ್ತೆಪಿ’ಯಾಗಿ, ನಮ್ಮ ಗ್ಯಾರೇಜುಗಳಲ್ಲಿ ಸ್ಟೆಪ್ನಿಯಾಗಿ ಬದುಕಿದೆ. ಇಂಥ ಪದಗಳನ್ನು ತಪ್ಪೆಂದು ಹೊಡೆದುಹಾಕುವ ಕೆಂಪು ಶಾಯಿಯ ಬಗ್ಗೆ ನನಗೆ ತಕರಾರಿದೆ. ಬ್ರಜ್ ಕಚ್ರು ಅವರು ಭಾರತೀಯ ಇಂಗ್ಲಿಷನ್ನು ತನ್ನದೇ ನಿಯಮಗಳಿರುವ ಪ್ರಭೇದವೆಂದು ವಾದಿಸಿ ದಶಕಗಳೇ ಕಳೆದಿವೆ. ಹುಬ್ಬಳ್ಳಿಯ ಮೆಕ್ಯಾನಿಕ್ಕಿನೊಡನೆ ಮಾತನಾಡುವಾಗ ಸ್ಟೆಪ್ನಿಯೇ ಸರಿಯಾದ ಪದ. ಲಂಡನ್ನಿನಲ್ಲಿ ಕಾರು ಬಾಡಿಗೆಗೆ ಪಡೆಯುವಾಗ ‘ಸ್ಪೇರ್ ವ್ಹೀಲ್’. ಕಲಿಕಾರ್ಥಿಗೆ ಎರಡೂ ಬೇಕು, ಯಾವುದು ಎಲ್ಲಿ ಎಂಬ ಅರಿವಿನೊಡನೆ. ‘ದ ಬಸ್ ಮಿಸ್ಡ್’ ಈ ಗುಂಪಿಗೆ ಸೇರುವುದಿಲ್ಲ. ಸುಶಿಕ್ಷಿತ ಭಾರತೀಯ ಇಂಗ್ಲಿಷೂ ಅದನ್ನು ಒಪ್ಪದು.

ಈಗ ನಾನು ಈ ಪಾಠವನ್ನು ಪಟ್ಟಿಯಿಂದ ಆರಂಭಿಸುವುದಿಲ್ಲ. ಕಪ್ಪುಹಲಗೆಯ ಮೇಲೆ ‘ಬಸ್ ಮಿಸ್ ಆಯಿತು, ಆಟೋ ಹತ್ತಿ ಬಂದೆ, ಸರ್ಕಲ್ಲಿನಲ್ಲಿ ಇಳಿದು ನಡೆದೆ’ ಎಂದು ಬರೆದು, ಇಂಗ್ಲಿಷಿನಲ್ಲಿ ಹೇಳಿರೆಂದು ಕೇಳುತ್ತೇನೆ. ಅದರಲ್ಲಿ ಯಾರಿಗೂ ತಿಳಿಯದ ಪದ ಒಂದೂ ಇಲ್ಲ. ಮೊದಲ ಉತ್ತರ ಬರುವುದಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತದೆ.